ಮೂರು ನೋಟದ ಲಕ್ಷ್ಮಿ

ಶಿವಾಜಿನಗರ, ಬೆಂಗಳೂರು
3 ಜುಲೈ 2024

ಜಹನಾರಾ ಆಪಾಗೆ ಸುಕನ್ಯಳ ಸಲಾಂ.

ಆಪಾ, ಕೆಟ್ಟ ಕನಸು ಬಿತ್ತು. ಅದನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಉಳಿದದ್ದನ್ನು ಬರೆಯಲು ಕೈ ಏಳುವುದಿಲ್ಲ. ಅಂಗಡಿಯ ಮೇಜಿನ ಮೇಲೆ ಒಂದು ಚಿತ್ರ. ನಾನು ಅದರ ಮೂಲೆ ಹಿಡಿದು ಎಳೆದೆ. ಕಾಗದ ಬರಲಿಲ್ಲ, ಚಿತ್ರದಲ್ಲಿದ್ದ ಹೆಂಗಸಿನ ಮೂಗು ಮಾತ್ರ ನನ್ನ ಉಗುರಿಗೆ ಅಂಟಿಕೊಂಡು ಬಂತು, ಮೂಗುತಿ ಸಮೇತ. ಆಕೆ ಬೈಯಲೂ ಇಲ್ಲ. ಸೆರಗು ಎಳೆದು ಮುಖ ಮುಚ್ಚಿಕೊಂಡಳು, ಅಷ್ಟೆ. ನಾನು ಎದ್ದು ಹೋಗಿ ಉಗುರು ತೊಳೆದುಕೊಂಡೆ. ನಗಬೇಡಿ.

ಕನಸಿಗೆ ಕಾರಣ ಇದೆ. ವಿಮಾನಪುರದಿಂದ ಲಕ್ಷ್ಮಿದೇವಮ್ಮ ಎನ್ನುವವರು ಒಂದು ಚಿತ್ರ ತಂದುಕೊಟ್ಟಿದ್ದಾರೆ. ಅವರ ಯಜಮಾನರು ಬಸಣ್ಣ ವಿಮಾನ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದವರು, ಹೋದ ವರ್ಷ ತೀರಿಕೊಂಡರು. ಮದುವೆಯಾದ ಹೊಸತರಲ್ಲಿ ಹೆಂಡತಿಯನ್ನು ಸ್ಟೂಲಿನ ಮೇಲೆ ಕೂರಿಸಿಕೊಂಡು, ಕಾರ್ಖಾನೆಯಲ್ಲಿ ಯಂತ್ರದ ಭಾಗಗಳನ್ನು ಹೇಗೆ ಬರೆಯುತ್ತಿದ್ದರೋ ಹಾಗೆಯೇ ಆಕೆಯನ್ನೂ ಬರೆದುಬಿಟ್ಟಿದ್ದಾರೆ ಆಪಾ. ಮುಂದಿನ ನೋಟ, ಪಕ್ಕದ ನೋಟ, ಮೇಲಿನ ನೋಟ. ಮೇಲಿನ ನೋಟದಲ್ಲಿ ಬರೀ ಬೈತಲೆ, ಒಂದು ಮೊಳ ಹೂವು, ಎರಡು ಭುಜ. ಜಡೆಯ ಪಕ್ಕದಲ್ಲಿ ಕೆಂಪು ಶಾಯಿಯಿಂದ ಬಾಣದ ಗೆರೆ ಎಳೆದು ಅಳತೆ ಹಾಕಿದ್ದಾರೆ. ಬಲಗಡೆ ಕೆಳಮೂಲೆಯಲ್ಲಿ ಒಂದು ಚೌಕ, ಅದರೊಳಗೆ ಮುತ್ತಿನಂಥ ಅಕ್ಷರದಲ್ಲಿ 'ಭಾಗದ ಹೆಸರು: ಲಕ್ಷ್ಮಿ. ಬದಲಿ ಭಾಗ: ಇಲ್ಲ' ಎಂದಿದೆ. ನಾನು ಓದಿ ನಕ್ಕೆ. ಆಯಮ್ಮ ನಗಲಿಲ್ಲ. "ಅವರ ಕೈಯಾರೆ ಮಾಡಿದ್ದು ಅಂತ ಇದೊಂದೇ ಉಳಿದಿರೋದಮ್ಮ" ಅಂದರು.

ತೊಂದರೆ ಏನೆಂದರೆ, ಚಿತ್ರವನ್ನು ದಪ್ಪ ರಟ್ಟಿಗೆ ಬೆನ್ನು ಪೂರ್ತಿ ಅಂಟಿಸಿದ್ದಾರೆ. ನಮ್ಮ ಗಿರಾಕಿಗಳಿಗೆ ಚಿತ್ರ ಅಂದರೆ ತಮಟೆಯ ಹಾಗೆ ಬಿಗಿಯಾಗಿರಬೇಕಲ್ಲ, ಆಗಿನವರಿಗೂ ಅದೇ ಹುಚ್ಚು. ಈಗ ಗೋಡೆಯಿಂದ ಗೆದ್ದಲು ಬಂದು ರಟ್ಟಿನ ಬೆನ್ನು ತಿಂದಿದೆ. ರಟ್ಟು ತೆಗೆಯದೆ ಹೊಸ ಕಟ್ಟು ಹಾಕಿದರೆ ಗೆದ್ದಲನ್ನೂ ಸೇರಿಸಿ ಕಟ್ಟು ಹಾಕಿದಂತೆ. ಬಸಣ್ಣನವರ ವರ್ಷದ ಕಾರ್ಯ ಸೆಪ್ಟೆಂಬರ್ ಕೊನೆಗೆ. ಅಷ್ಟರಲ್ಲಿ ಎಡೆ ಇಡುವ ಜಾಗದಲ್ಲಿ ಈ ಚಿತ್ರ ಇರಬೇಕಂತೆ.

ಕಾಗದ ತೆಳುವಾಗಿದೆ, ಹಳದಿ ತಿರುಗಿದೆ. ಅಂಚಿನಲ್ಲಿ ಅಲ್ಲಲ್ಲಿ ಹಸಿರು ಕಲೆ ಕಾಣುತ್ತದೆ. ಯಾವ ಅಂಟು ಇರಬಹುದು? ಹೇಗೆ ಬಿಡಿಸಲಿ? ನಿಮ್ಮ ಗಂಟಲ ಆಪರೇಷನ್ ಆದಮೇಲೆ ಫೋನ್ ಮಾಡಿದರೆ ನಾನೊಬ್ಬಳೇ ಮಾತಾಡಿ ನಾನೇ ಇಡಬೇಕು, ಅದಕ್ಕೇ ಪತ್ರ. ನಿಮ್ಮ ಯಜಮಾನರು ಸನಾವುಲ್ಲಾ ಭಾಯಿ ತೀರಿಕೊಂಡಮೇಲೆ ಈ ಚಿತ್ರಕ್ಕೆ ಕಟ್ಟು ಹಾಕುವ ಅಂಗಡಿಯನ್ನು ನನ್ನ ಕೈಗೆ ಬಿಟ್ಟು ನೀವು ಮಗಳ ಮನೆ ಸೇರಿದಿರಿ. ಮರ ಕೊಯ್ಯುವುದು, ಗಾಜು ಕೂರಿಸುವುದು ನನಗೆ ಬರುತ್ತದೆ. ಅಂಟು ಬಿಡಿಸುವುದು ನಿಮ್ಮ ಕೈಯ ಕೆಲಸವಾಗಿತ್ತು. ಬೇಗ ಬರೆಯಿರಿ.

ನಿಮ್ಮ
ಸುಕನ್ಯ


ಬೀದರ್
12 ಜುಲೈ 2024

ಸುಕನ್ಯಾ ಬೇಟಿ, ದುವಾ.

ಉಗುರು ತೊಳೆದುಕೊಂಡೆ, ಸರಿ. ಮೂಗುತಿ ಎಲ್ಲಿಟ್ಟೆ?

ನೀನು ಚಹಾ ಸೋಸುವಾಗಲೂ ಜರಡಿ ತೂತಾಗಿದೆಯೇನೋ ಎಂದು ಬೆಳಕಿಗೆ ಹಿಡಿದು ನೋಡುವವಳು. ನಿನ್ನ ಹೆದರಿಕೆ ಕೇಳಿ ನಾನು ಹೆದರುವುದಿಲ್ಲ. ಹಸಿರು ಕಲೆ ಅಂದೆಯಲ್ಲ, ಅದು ಮೈಲುತುತ್ತ. ಹಳೆಯ ಕಾಲದಲ್ಲಿ ಮೈದಾ ಅಂಟು ಕಾಯಿಸುವಾಗ ಹುಳ ಹಿಡಿಯದಿರಲಿ ಎಂದು ಒಂದು ಚಿಟಿಕೆ ಹಾಕುತ್ತಿದ್ದರು. ಕೆಲವರು ಹಿಡಿ ಹಾಕುತ್ತಿದ್ದರು. ಮೈದಾ ಅಂಟು ಒಳ್ಳೆಯ ಸಂಬಂಧಿಕರ ಹಾಗೆ, ನೀರು ತೋರಿಸಿದರೆ ತಾನಾಗಿ ಎದ್ದು ಹೋಗುತ್ತದೆ.

ಮೊದಲು ಒದ್ದೆ ಹತ್ತಿಯ ತುದಿಯಿಂದ ಕೆಂಪು ಶಾಯಿಯ ಮೇಲೆ, ಕಣ್ಣಿಗೆ ಬೀಳದ ಕಡೆ, ಒಂದು ಚುಕ್ಕೆ ಮುಟ್ಟಿಸಿ ನೋಡು. ಹತ್ತಿ ಕೆಂಪಾದರೆ ನಿಲ್ಲಿಸು. ಆಗದಿದ್ದರೆ, ಶಾಯಿ ಹೀರುವ ಕಾಗದ ಒದ್ದೆ ಮಾಡಿ ಹಿಂಡಿ, ರಟ್ಟಿನ ಬೆನ್ನಿಗೆ ಇಟ್ಟು ಕಾಯಿ. ರಟ್ಟು ಮೆತ್ತಗಾದಮೇಲೆ ಭಾಯಿಯ ಬಿದಿರು ಚೂರಿಯನ್ನು ಮಲಗಿಸಿ ತೂರಿಸು. ಒಂದು ಮೂಲೆಯಿಂದ ಶುರು ಮಾಡು. ಅವಸರ ಬೇಡ. ಹಸಿರು ಪುಡಿ ವಿಷ, ಮೂಗಿಗೆ ಬಟ್ಟೆ ಕಟ್ಟಿಕೋ, ಕೈ ತೊಳೆಯದೆ ಊಟಕ್ಕೆ ಕೂರಬೇಡ.

ನಾನು ಚೆನ್ನಾಗಿದ್ದೇನೆ. ಕರೆಯಲು ಆಗುವುದಿಲ್ಲ ಎಂದು ಶೀಬಾ ನನಗೊಂದು ಗಂಟೆ ತಂದುಕೊಟ್ಟಿದ್ದಾಳೆ, ಮೇಕೆಯ ಕೊರಳಿಗೆ ಕಟ್ಟುತ್ತಾರಲ್ಲ, ಅಂಥದ್ದು. ಅಲ್ಲಾಡಿಸಿದರೆ ಪಕ್ಕದ ಮನೆಯವರೂ ಬರುತ್ತಾರೆ. ಮಾತಿದ್ದಾಗ ಇಷ್ಟು ಜನ ನನ್ನ ಮಾತು ಕೇಳುತ್ತಿರಲಿಲ್ಲ.

ಜಹನಾರಾ


ಶಿವಾಜಿನಗರ
20 ಜುಲೈ 2024

ಆಪಾಗೆ ಸಲಾಂ.

ನಿಮ್ಮ ಪತ್ರ ಬಂದು ಧೈರ್ಯ ಬಂತು. ಕೆಲಸಕ್ಕೆ ಇನ್ನೂ ಸರಿಯಾಗಿ ಕೈ ಹಚ್ಚಿಲ್ಲ. ಮಳೆ ಹಿಡಿದಿದೆ, ರಸೆಲ್ ಮಾರ್ಕೆಟ್ ಕಡೆಯಿಂದ ಬರುವ ನೀರು ನಮ್ಮ ಮೆಟ್ಟಿಲವರೆಗೂ ಬಂದು ಹೋಯಿತು. ಅಂಗಡಿಯೊಳಗೆ ಎಲ್ಲ ಥಂಡಿ. ಇಂಥ ಹವೆಯಲ್ಲಿ ಕಾಗದದ ಕೆಲಸ ಬೇಡ ಎಂದು ನೀವೇ ಹೇಳುತ್ತಿದ್ದಿರಿ, ಅದಕ್ಕೇ ಕಾಯುತ್ತಿದ್ದೇನೆ. ಜೋಗುಪಾಳ್ಯದಲ್ಲಿ ನಮ್ಮ ಮನೆಯ ಸೂರು ಸೋರಿತು, ಅಮ್ಮನಿಗೆ ಸ್ವಲ್ಪ ಕೆಮ್ಮು.

ಲಕ್ಷ್ಮಿದೇವಮ್ಮನವರಿಗೆ ಫೋನ್ ಮಾಡಿದ್ದೆ. ಮೊದಲು ಅಂಟಿಸಿದ್ದು ಮೈದಾದಲ್ಲೇ ಅಂತೆ. ಆಮೇಲೆ ಮೂಲೆಗಳು ಏಳುತ್ತವೆ ಎಂದು ಬಸಣ್ಣನವರೇ ಬಿಳಿ ಅಂಟಿನ ಡಬ್ಬಿ ತಂದು ನಾಲ್ಕು ಮೂಲೆಗೂ ಸುರಿದರಂತೆ. ಕಾರ್ಖಾನೆಯಲ್ಲಿ ಕೂದಲೆಳೆಯಷ್ಟು ಅಳತೆ ನೋಡುವವರು, ಮನೆಯಲ್ಲಿ ಅಂಟನ್ನು ಸಾರಿನ ಹಾಗೆ ಸುರಿದರು ಅಂದರು.

ಒಂದು ಮಾತು ಸುಮ್ಮನೆ ಕೇಳುತ್ತೇನೆ. ಈ ಚಿತ್ರದ ವಿಷಯ ಅಲ್ಲ. ಯಾವುದೋ ಒಂದು ಕಾಗದ, ಸ್ವಲ್ಪವೇ ಸ್ವಲ್ಪ ಥಂಡಿ ತಗುಲಿದ್ದಕ್ಕೆ ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಉಬ್ಬಿ ಸುರುಟಿಕೊಂಡು, ಒಣಗಿದಮೇಲೂ ಇಳಿಯದೆ ಹಾಗೇ ನಿಂತರೆ, ಅದನ್ನು ಮತ್ತೆ ಮಟ್ಟ ಮಾಡಲು ಬರುತ್ತದೆಯೇ? ಭಾರ ಇಟ್ಟರೆ ಸಾಕೇ? ಎಷ್ಟು ಭಾರ? ಕೆಂಪು ಶಾಯಿಯ ಪರೀಕ್ಷೆಯನ್ನೂ ಮಾಡುತ್ತೇನೆ.

ನಿಮ್ಮ ಆರೋಗ್ಯ ನೋಡಿಕೊಳ್ಳಿ. ಗಂಟೆಯ ಸುದ್ದಿ ಓದಿ ಅಮ್ಮ ತುಂಬಾ ನಕ್ಕರು.

ಸುಕನ್ಯ


ಬೀದರ್
29 ಜುಲೈ 2024

ಸುಕನ್ಯಾ,

ಹಪ್ಪಳದ ಕಥೆ ಬೇರೆಯವರಿಗೆ ಹೇಳು. ಎಷ್ಟು ಅಗಲ ಉಬ್ಬಿದೆ?

ನಕ್ಷೆ ಬರೆಯುವವರು ಯಾವ ಕಾಗದದ ಮೇಲೆ ಬರೆಯುತ್ತಾರೆ ಎಂದು ನೀನೂ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ. ಅದು ಟ್ರೇಸಿಂಗ್ ಪೇಪರ್, ಆಚೆಯದು ಈಚೆ ಕಾಣುವ ಕಾಗದ. ರಟ್ಟಿಗೆ ಅಂಟಿದ್ದರಿಂದ ಅದರ ಮೈ ನಿನಗೆ ಕಾಣಿಸಲಿಲ್ಲ. ಅದಕ್ಕೆ ನೀರು ತೋರಿಸಬಾರದು, ಬಿಸಿಯನ್ನೂ ತೋರಿಸಬಾರದು. ಮೂಲೆಯಲ್ಲಿ ಬಿಳಿ ಅಂಟು ಬೇರೆ.

ಇದು ಆಗುವ ಕೆಲಸ ಅಲ್ಲ. ಕಟ್ಟಿ ವಾಪಸ್ ಕೊಟ್ಟುಬಿಡು. ಇನ್ನು ಇದರ ವಿಷಯ ಬರೆಯಬೇಡ.

ಜಹನಾರಾ


ಶಿವಾಜಿನಗರ
8 ಆಗಸ್ಟ್ 2024

ಆಪಾಗೆ ಸಲಾಂ.

ಬರೆಯಬೇಡ ಅಂದಿರಿ, ಬರೆಯುತ್ತಿದ್ದೇನೆ. ಬೇಟಿ ಅನ್ನಲಿಲ್ಲ, ದುವಾ ಅನ್ನಲಿಲ್ಲ, ಅಕ್ಷರವೂ ಗೆರೆ ಬಿಟ್ಟು ಕೆಳಗೆ ಜಾರಿದೆ. ನಿಮಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ನೋಡಿಯೇ ಇಲ್ಲ. ಬಂದದ್ದು ನ್ಯಾಯವೇ. ಹೋದ ಪತ್ರಕ್ಕೆ ಮೊದಲೇ ಒದ್ದೆ ಕಾಗದ ಇಟ್ಟು ನೋಡಿದ್ದೆ, ಉಬ್ಬಿದ್ದು ಎಡಗಡೆ ಕೆಳಮೂಲೆ, ಅಂಗೈಯಷ್ಟು ಜಾಗ. ಕೆಂಪು ಶಾಯಿಯ ಪರೀಕ್ಷೆ ಮೊದಲು ಮಾಡಬೇಕಿತ್ತು, ರಟ್ಟಿನ ಮೂಲಕ ನೀರು ಅಷ್ಟು ದೂರ ಬರುವುದಿಲ್ಲ ಎಂದುಕೊಂಡೆ. ಜಡೆಯ ಅಳತೆಯ ಗೆರೆ ಕದಡಿ ಗುಲಾಬಿ ಬಣ್ಣದ ಮಂಜಿನ ಹಾಗೆ ಆಯಿತು. ಮುಖಕ್ಕೆ ಏನೂ ಆಗಿಲ್ಲ.

ನೀವು ಹೇಳಿದಂತೆ ಚಿತ್ರವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ವಿಮಾನಪುರಕ್ಕೆ ಹೋದೆ. ಬಸ್ಸಿನಲ್ಲಿ ಕೂತರೆ ಪಕ್ಕದವರ ಮೊಣಕೈ ತಗುಲೀತು ಎಂದು ಹಲಸೂರಿನಿಂದ ನಿಂತೇ ಹೋದೆ. ಬಾಗಿಲಲ್ಲೇ ಎಲ್ಲ ಹೇಳಿಬಿಟ್ಟೆ, ಆ ಮೂಲೆಯನ್ನೂ ತೋರಿಸಿದೆ. ಲಕ್ಷ್ಮಿದೇವಮ್ಮ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಆಮೇಲೆ ತಮ್ಮ ಜುಟ್ಟು ಮುಟ್ಟಿಕೊಂಡರು.

"ಜಡೆ ಉದುರಿ ಯಾವ ಕಾಲ ಆಯ್ತು, ಅದರ ಗೆರೆ ಹೋದ್ರೆ ಹೋಗ್ಲಿ ಬಿಡು. ಒಳಗೆ ಬಾ, ಕಾಫಿ ಕುಡಿ" ಅಂದರು.

ಅವರ ಮಗ ಮುನೀಂದ್ರ ಮನೆಯಲ್ಲೇ ಇದ್ದರು. ಒಳ್ಳೆಯವರೇ, ಆದರೆ ಅವರದು ಒಂದೇ ಮಾತು, ಲ್ಯಾಮಿನೇಷನ್. ರಟ್ಟು ಸಮೇತ ಎರಡೂ ಕಡೆ ಪ್ಲಾಸ್ಟಿಕ್ ಹಾಕಿ ಬಿಸಿ ಯಂತ್ರದಲ್ಲಿ ಒತ್ತಿಸಿಬಿಟ್ಟರೆ ಗೆದ್ದಲೂ ಬರುವುದಿಲ್ಲ, ನೀರೂ ಬರುವುದಿಲ್ಲವಂತೆ. ಅವರ ಅಪ್ಪನ ಪೆನ್ಷನ್ ಕಾರ್ಡ್ ಹಾಗೇ ಉಳಿದಿದೆ ಎಂದು ತಂದು ತೋರಿಸಿದರು. ಅಮ್ಮ ದಿನವೂ ಗೋಡೆ ನೋಡಿಕೊಂಡು ಕೂರುವುದನ್ನು ನೋಡಲು ಅವರಿಂದ ಆಗುತ್ತಿಲ್ಲ, ಬೇಗ ಏನೋ ಒಂದು ಆಗಲಿ ಎನ್ನುವ ಆಸೆ. ಈ ಕಾಗದಕ್ಕೆ ಬಿಸಿ ತೋರಿಸಬಾರದು ಎಂದು ನೀವು ಬರೆದಿದ್ದಿರಲ್ಲ, ಕಾಫಿ ಲೋಟ ಕೆಳಗಿಟ್ಟು ಅವರಿಗೆ ತಿಳಿಸಿದೆ. ಒಂದು ಸಲ ಪ್ಲಾಸ್ಟಿಕ್ ಹತ್ತಿದರೆ ಅದನ್ನು ಬಿಡಿಸುವವರು ಎಲ್ಲೂ ಇಲ್ಲ.

ಚಿತ್ರವನ್ನು ಅವರ ಕೈಗೆ ಕೊಡುವ ಮೊದಲು ಕೊನೆಯ ಸಲ ಎಂದು ಹಿಂದೆ ತಿರುಗಿಸಿ ನೋಡಿದೆ. ಆಗ ಕಂಡಿತು ಆಪಾ. ಇಷ್ಟು ದಿನ ಗೆದ್ದಲು ತಿಂದದ್ದನ್ನು ನೋಡಿ ಅಳುತ್ತಿದ್ದೆನೇ ಹೊರತು, ಎಲ್ಲಿ ತಿಂದು ನಿಲ್ಲಿಸಿದೆ ಎಂದು ನೋಡಿರಲಿಲ್ಲ. ರಟ್ಟು ಒಂದರ ಮೇಲೊಂದು ಪದರ ಅಲ್ಲವೇ. ಗೆದ್ದಲು ಪದರ ಪದರವಾಗಿ ತಿನ್ನುತ್ತಾ ಬಂದು, ಹಸಿರು ಅಂಟು ಎದುರಾದ ಕಡೆ ಹಾಗೇ ನಿಂತುಬಿಟ್ಟಿದೆ. ಮೈಲುತುತ್ತದ ವಿಷಕ್ಕೆ ಬಾಯಿ ಹಾಕಿಲ್ಲ. ಬೆನ್ನಿನ ನಡುವೆ ಎರಡು ಕಡೆ ರಟ್ಟೇ ಇಲ್ಲ, ಬರೀ ಒಣ ಅಂಟಿನ ಹಕ್ಕಳೆ. ಉಗುರಿನಿಂದ ಮುಟ್ಟಿದೆ. ಪುಡಿಯಾಗಿ ಉದುರಿತು. ಅದರ ಹಿಂದೆ ಕಾಗದ ಇದೆ, ಒಂದು ಗೀರೂ ಇಲ್ಲದೆ.

ನಾವು ಚಿತ್ರವನ್ನು ರಟ್ಟಿನಿಂದ ಬಿಡಿಸಲು ಹೊರಟಿದ್ದೆವು. ರಟ್ಟನ್ನು ಚಿತ್ರದಿಂದ ಬಿಡಿಸಬೇಕು. ನೀರಿಲ್ಲದೆ, ಹಿಂದಿನಿಂದ, ಪದರ ಪದರವಾಗಿ. ಗೆದ್ದಲು ಅರ್ಧ ಮಾಡಿ ಬಿಟ್ಟ ಕೆಲಸವನ್ನು ನಾನು ಮುಗಿಸಬೇಕು.

ಅದನ್ನೇ ಅವರಿಗೆ ಹೇಳಿದೆ. ಮುನೀಂದ್ರ ತಲೆ ಅಲ್ಲಾಡಿಸಿದರು, ಒಂದು ಸಲ ನೀರು ಹಾಕಿ ಕೆಡಿಸಿದವರ ಕೈಗೇ ಮತ್ತೆ ಹೇಗೆ ಕೊಡುವುದು ಅಂದರು. ತಪ್ಪೇನಿಲ್ಲ, ನಾನಾಗಿದ್ದರೂ ಅದನ್ನೇ ಕೇಳುತ್ತಿದ್ದೆ. ಲಕ್ಷ್ಮಿದೇವಮ್ಮ ಎದ್ದು, ಚಿತ್ರವನ್ನು ತಾವೇ ಬಟ್ಟೆಯಲ್ಲಿ ಸುತ್ತಿ ನನ್ನ ತೊಡೆಯ ಮೇಲಿಟ್ಟರು. "ಇವಳು ತಪ್ಪು ಮಾಡಿ ಬಾಗಿಲಿಗೆ ಬಂದು ಹೇಳಿದ್ಳು. ಯಂತ್ರ ಬಂದು ಹೇಳುತ್ತಾ?" ಎಂದು ಮಗನನ್ನು ಕೇಳಿದರು.

ಹಾಗಾಗಿ ಚಿತ್ರ ಮತ್ತೆ ಅಂಗಡಿಯಲ್ಲಿದೆ. ನಿಮ್ಮ ಮಾತು ಮೀರಿದ್ದೇನೆ. ನೀವು ಬೈದರೂ ಬಿಡುವುದಿಲ್ಲ. ಆದರೆ ಬೈದಾದರೂ ಬರೆಯಿರಿ.

ಸುಕನ್ಯ


ಶಿವಾಜಿನಗರ
24 ಆಗಸ್ಟ್ 2024

ಆಪಾಗೆ ಸಲಾಂ.

ನಿಮ್ಮ ಉತ್ತರ ಇಲ್ಲ. ದಿನವೂ ಪೋಸ್ಟಿನವರನ್ನು ಕೇಳುತ್ತೇನೆ. ಈಗ ಅವರು ನನ್ನನ್ನು ಕಂಡರೆ ದೂರದಿಂದಲೇ ಕೈ ಅಲ್ಲಾಡಿಸಿ ಇಲ್ಲ ಎಂದು ಹೇಳಿ ಆ ಕಡೆಯ ಫುಟ್‌ಪಾತಿಗೆ ಹೋಗಿಬಿಡುತ್ತಾರೆ.

ಕೊನೆಗೆ ಶೀಬಾಗೆ ಫೋನ್ ಮಾಡಿದೆ. ಅಮ್ಮಿ ಮಲಗಿದ್ದಾರೆ, ಆರಾಮಾಗಿದ್ದಾರೆ ಅಂದಳು. ಹಿಂದೆ ಯಾರೋ ಟೋಕನ್ ನಂಬರ್ ಕೂಗುತ್ತಿದ್ದರು. ನಾನು ಏನೂ ಕೇಳಲಿಲ್ಲ. ನೀವೇ ಬರೆಯುವ ತನಕ ಕೇಳುವುದೂ ಇಲ್ಲ. ನಿಮ್ಮ ಸಿಟ್ಟು ಎಂದುಕೊಂಡದ್ದು ಸಿಟ್ಟಲ್ಲ ಎಂದು ಮಾತ್ರ ಅನ್ನಿಸುತ್ತಿದೆ. ಬರೆಯಬೇಡ ಎಂದಿದ್ದ ಆ ಪತ್ರವನ್ನು ತೆಗೆದು ಮತ್ತೆ ನೋಡಿದೆ. ಅಕ್ಷರ ಜಾರಿದ್ದು ಕೊನೆಯ ಸಾಲಿನಲ್ಲಲ್ಲ, ಮೊದಲ ಸಾಲಿನಿಂದಲೇ.

ಕೆಲಸದ ಸುದ್ದಿ ಹೇಳುತ್ತೇನೆ, ಅದನ್ನಾದರೂ ಓದಿ. ಮಳೆ ಬಿಟ್ಟ ದಿನ ಮಾತ್ರ ಕೂರುತ್ತೇನೆ. ಮೇಜಿನ ಮೇಲೆ ದಪ್ಪ ಗಾಜು, ಅದರ ಮೇಲೆ ನಯವಾದ ಬಿಳಿ ಕಾಗದ, ಅದರ ಮೇಲೆ ಚಿತ್ರ ಬೋರಲು. ಉಬ್ಬಿದ ಮೂಲೆಗೆ ಏನೂ ತಾಕದ ಹಾಗೆ ಬಿಟ್ಟಿದ್ದೇನೆ. ರಟ್ಟಿನ ಮೇಲಿನ ಪದರವನ್ನು ಬಿದಿರು ಚೂರಿಯಿಂದ ಎಬ್ಬಿಸಿ, ಬೆರಳಗಲದ ಪಟ್ಟಿ ಪಟ್ಟಿಯಾಗಿ ತೆಗೆಯುತ್ತೇನೆ, ಕಿತ್ತಳೆ ತೊಳೆಯ ಮೇಲಿನ ಬಿಳಿ ನಾರು ತೆಗೆಯುವ ಹಾಗೆ. ಮೂಗಿಗೆ ಬಟ್ಟೆ ಕಟ್ಟಿದ್ದೇನೆ. ಎಡಗೈ ಚಿತ್ರವನ್ನು ಒತ್ತಿ ಹಿಡಿದಿರುತ್ತದೆ, ಅಲ್ಲಾಡುವುದು ಬಲಗೈ ಮಾತ್ರ. ಪಟ್ಟಿ ಬಿಗಿ ಹಿಡಿಯಿತು ಅನ್ನಿಸಿದ ಕೂಡಲೇ ಬಿಟ್ಟು, ಇನ್ನೊಂದು ಬದಿಯಿಂದ ಶುರು ಮಾಡುತ್ತೇನೆ. ದಿನದ ಕೊನೆಗೆ ಕುತ್ತಿಗೆ ತಿರುಗುವುದಿಲ್ಲ. ಬಾಗಿಲು ಹಾಕಿ ಮನೆಗೆ ಹೊರಟಮೇಲೆ ಚಿತ್ರದ ಮೇಲೆ ಬಟ್ಟೆ ಮುಚ್ಚಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ತಿರುಗಿ ಬರುತ್ತೇನೆ. ಪ್ರತಿ ಸಲವೂ ಮುಚ್ಚಿಯೇ ಇರುತ್ತದೆ.

ಮೊನ್ನೆ ಮುನೀಂದ್ರ ಬಂದಿದ್ದರು. ಬೈಕು ನಿಲ್ಲಿಸಿ, ಹೆಲ್ಮೆಟ್ ತೆಗೆಯದೆ ತುಂಬಾ ಹೊತ್ತು ಬಾಗಿಲಲ್ಲಿ ನಿಂತು ನೋಡಿದರು. ಕೆಳಗೆ ನೆಲದ ತುಂಬಾ ರಟ್ಟಿನ ಸಿಪ್ಪೆ.

"ಗೆದ್ದಲಿಗೂ ನಿಮಗೂ ಏನ್ರಕ್ಕ ವ್ಯತ್ಯಾಸ? ಅವೂ ಹಿಂಗೇ ತಿಂತಾ ಇದ್ವು."

"ಅವಕ್ಕೆ ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಿತ್ತು. ನಂಗೂ ಗೊತ್ತು" ಅಂದೆ.

ಬಾಯಿಗೆ ಅದು ಹೇಗೆ ಬಂತೋ. ಹೇಳಿದಮೇಲೆ ಚೂರಿ ಕೆಳಗಿಟ್ಟೆ. ಅವರು ನಕ್ಕು ಹೆಲ್ಮೆಟ್ ತೆಗೆದು, ಒಂದು ಸಿಪ್ಪೆ ಎತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದರು. ಲ್ಯಾಮಿನೇಷನ್ ಮಾತು ಎತ್ತಲಿಲ್ಲ. ಆದರೆ ಕಾರ್ಯದ ವಾರದವರೆಗೂ ನೋಡುತ್ತೇನೆ, ಆಮೇಲೆ ನನ್ನ ದಾರಿ ನನಗೆ ಎಂದು ಹೇಳಿಯೇ ಹೋದರು.

ನಡುಭಾಗ ಪೂರ್ತಿ ಬಿಟ್ಟುಕೊಟ್ಟಿದೆ. ಉಳಿದಿರುವುದು ನಾಲ್ಕು ಮೂಲೆಯ ಬಿಳಿ ಅಂಟು. ಆ ಚೌಕ ಇರುವ ಬಲಮೂಲೆಯಲ್ಲೇ ಎಲ್ಲಕ್ಕಿಂತ ಹೆಚ್ಚು ಸುರಿದಿದ್ದಾರೆ. ಅಲ್ಲಿ ರಟ್ಟಿನ ಕೊನೆಯ ಪದರ ಎಳೆದರೆ ಕಾಗದವೂ ಜೊತೆಗೆ ಎದ್ದು ಬರುವ ಹಾಗೆ ಕಾಣುತ್ತದೆ. ಹಾಗಾಗಿ ಮುಟ್ಟದೆ ಬಿಟ್ಟಿದ್ದೇನೆ. ಏನು ಮಾಡಲಿ?

ಸುಕನ್ಯ


ಬೀದರ್
3 ಸೆಪ್ಟೆಂಬರ್ 2024

ಸುಕನ್ಯಾ ಬೇಟಿ, ದುವಾ.

ನಿನ್ನ ಎರಡೂ ಪತ್ರಗಳನ್ನು ಒಟ್ಟಿಗೆ ಓದಿದೆ. ಶೀಬಾ ನನ್ನಿಂದ ಬಚ್ಚಿಟ್ಟಿದ್ದಳು, ಓದಿ ತಲೆಬಿಸಿ ಮಾಡಿಕೊಳ್ಳುತ್ತೇನೆ ಎಂದು. ಗಂಟೆ ಅಲ್ಲಾಡಿಸಿ ಅಲ್ಲಾಡಿಸಿ ಇಸಿದುಕೊಂಡೆ.

ಆ ಪತ್ರದಲ್ಲಿ ಸಿಟ್ಟಿರಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆದದ್ದು. ಪೆನ್ನು ಯಾರದೋ, ಅವರು ಕೈ ಚಾಚಿಕೊಂಡು ನಿಂತಿದ್ದರು. ವಾಪಸ್ ಕೊಡು ಅಂದದ್ದು ನಿನ್ನ ಕೈ ನಂಬದೆ ಅಲ್ಲ. ಕೆಟ್ಟರೆ ಸರಿ ಮಾಡಲು ನಾನು ಬರಲಾರೆನಲ್ಲ ಎಂದು. ಗಂಟಲನ್ನು ಮತ್ತೆ ನೋಡಿದ್ದಾರೆ, ಇನ್ನೊಂದು ಸಲ ಕೊಯ್ಯಬೇಕಂತೆ. ದಿನ ಗೊತ್ತಾಗಿಲ್ಲ. ಅದಕ್ಕಿಂತ ಹೆಚ್ಚು ಬರೆಯುವುದಿಲ್ಲ, ನೀನೂ ಕೇಳಬೇಡ. ಮುಖ್ಯವಾಗಿ ಅದರ ಕನಸು ಬೀಳಿಸಿಕೊಳ್ಳಬೇಡ.

ಗೆದ್ದಲಿನ ಮಾತನ್ನು ಓದಿ, ನಲವತ್ತು ವರ್ಷ ಆ ಮೇಜಿನ ಮುಂದೆ ಕೂತರೂ ನನಗೆ ಇದು ಹೊಳೆದಿರಲಿಲ್ಲವಲ್ಲ ಎಂದುಕೊಂಡೆ. ಭಾಯಿ ಇದ್ದಿದ್ದರೆ ನಿನಗೆ ಒಂದು ಪ್ಲೇಟ್ ಸಮೋಸಾ ತರಿಸಿಕೊಟ್ಟು, ಅದರಲ್ಲಿ ಅರ್ಧ ತಾನೇ ತಿನ್ನುತ್ತಿದ್ದ.

ಒಂದು ಮಾತು ನೆನಪಿಡು. ಪಟ್ಟಿ ತೆಗೆಯುವಾಗ ರಟ್ಟು ಬಗ್ಗಲಿ, ಚಿತ್ರ ಬಗ್ಗಬಾರದು. ನೀನು ಹಾಗೇ ಮಾಡುತ್ತಿದ್ದೀಯ, ಆದರೂ ದಣಿದಾಗ ಕೈ ಮರೆಯುತ್ತದೆ.

ಮೂಲೆಗಳ ವಿಷಯ ನಿನಗೆ ಗೊತ್ತಿದೆ, ನನ್ನ ಬಾಯಿಂದ ಹೇಳಿಸಬೇಕು ಎಂದಿದ್ದೀಯ. ನನಗೆ ಬಾಯಿಲ್ಲ. ನೀನೇ ತೀರ್ಮಾನ ಮಾಡು. ಆಮೇಲೆ ನನಗೆ ತಿಳಿಸು.

ಜಹನಾರಾ


ಶಿವಾಜಿನಗರ
16 ಸೆಪ್ಟೆಂಬರ್ 2024

ಆಪಾಗೆ ಸಲಾಂ.

ಕೇಳಬೇಡ ಅಂದಿರಿ, ಕೇಳುತ್ತಿಲ್ಲ. ದಿನ ಗೊತ್ತಾದಾಗ ಒಂದು ಕಾರ್ಡ್ ಹಾಕಿ. ಬೀದರಿಗೆ ಬೆಳಿಗ್ಗೆ ತಲುಪುವ ರೈಲು ಯಾವುದು ಎಂದು ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ವಿಚಾರಿಸಿ ಇಟ್ಟುಕೊಂಡಿದ್ದೇನೆ, ಸುಮ್ಮನೆ.

ಚಿತ್ರ ಬಿಟ್ಟುಬಂತು.

ಮೂಲೆಗಳಲ್ಲಿ ರಟ್ಟಿನ ಕೊನೆಯ ಪದರವನ್ನು ಹಾಗೇ ಉಳಿಸಿದ್ದೇನೆ. ಮೂರು ಮೂಲೆಯಲ್ಲಿ ಈರುಳ್ಳಿ ಸಿಪ್ಪೆಯಷ್ಟು, ಚೌಕ ಇರುವ ಮೂಲೆಯಲ್ಲಿ ಸ್ವಲ್ಪ ದಪ್ಪ. ಪೂರ್ತಿ ಶುಭ್ರ ಮಾಡಬೇಕು ಎಂದು ಕೈ ಹಂಬಲಿಸುತ್ತಿತ್ತು. ಒಂದು ಮಧ್ಯಾಹ್ನವೆಲ್ಲ ಚೂರಿ ಹಿಡಿದು ಕೂತೆ, ಮತ್ತೆ ಕೆಳಗಿಟ್ಟೆ. ಬದಲಿ ಭಾಗ ಇಲ್ಲ ಎಂದು ಬರೆದವರ ಅಕ್ಷರದ ಮೇಲೆ ಕೈಚಳಕ ತೋರಿಸುವುದು ಬೇಡ ಅನ್ನಿಸಿತು. ರಟ್ಟಿನ ಆ ತುಣುಕು ಚಿತ್ರದ ಜೊತೆಗೇ ಇರಲಿ. ಮುಂದೆ ಯಾರಿಗಾದರೂ ಇನ್ನೂ ಒಳ್ಳೆಯ ದಾರಿ ತಿಳಿದರೆ ಅವರು ತೆಗೆಯಲಿ. ಉಬ್ಬಿದ ಮೂಲೆಯೂ ಉಬ್ಬಿಕೊಂಡೇ ಇದೆ. ಭಾರ ಇಟ್ಟು ಸತಾಯಿಸಲಿಲ್ಲ.

ಶನಿವಾರ ಲಕ್ಷ್ಮಿದೇವಮ್ಮ ಮಗನ ಬೈಕಿನ ಹಿಂದೆ ಕೂತು ಬಂದರು. ಮೇಜಿನ ಮೇಲೆ ಚಿತ್ರ ಬೋರಲಾಗಿಯೇ ಇತ್ತು, ಅಂಟಿನ ಪುಡಿಯನ್ನು ಮೆತ್ತನೆ ಬ್ರಷ್ಷಿನಿಂದ ಗುಡಿಸುತ್ತಿದ್ದೆ. ಸುಲಭವಾಗಿ ಕಾಣಲಿ ಎಂದು ಕೆಳಗಿನ ಬಿಳಿ ಕಾಗದ ಎಳೆದುಕೊಂಡು, ಗಾಜಿನ ಸಮೇತ ಕಿಟಕಿಯ ಬೆಳಕಿಗೆ ಎತ್ತಿ ಹಿಡಿದೆ. ರಟ್ಟು ಹೋದಮೇಲೆ ಟ್ರೇಸಿಂಗ್ ಪೇಪರಿನಲ್ಲಿ ಗೆರೆ ಆ ಕಡೆಯಿಂದಲೂ ಕಾಣುತ್ತದೆ, ಈ ಕಡೆಯಿಂದಲೂ ಕಾಣುತ್ತದೆ. ತಿರುವುಮುರುವಾಗಿ ಅಷ್ಟೆ. ಮೂಗುತಿ ಈ ಕಡೆಗೆ ಬಂದಿತ್ತು, ಅಕ್ಷರ ಎಲ್ಲ ಹಿಂದುಮುಂದು. ಅಯ್ಯೋ ತಪ್ಪು ಬದಿ ತೋರಿಸಿದೆನಲ್ಲ ಎಂದು ತಿರುಗಿಸಲು ಹೋದೆ.

ಆಯಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡರು. "ತಿರುಗಿಸ್ಬೇಡ. ಇದು ನಾನು" ಅಂದರು.

ನನಗೆ ತಿಳಿಯಲಿಲ್ಲ. ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಇಷ್ಟು ವರ್ಷವೂ ಆ ಚಿತ್ರ ನೋಡಿದಾಗಲೆಲ್ಲ ಯಾರೋ ತಮ್ಮ ಅಕ್ಕನೋ ತಂಗಿಯೋ ಇದ್ದ ಹಾಗೆ ಕಾಣುತ್ತಿತ್ತಂತೆ, ಎಲ್ಲ ಸರಿಯಿದ್ದೂ ಏನೋ ಒಂದು ಬೇರೆ. ಯಜಮಾನರಿಗೆ ಬೇಜಾರಾದೀತೆಂದು ಬಾಯಿ ಬಿಟ್ಟಿರಲಿಲ್ಲ. ಈಗ ಹಿಂದಿನಿಂದ ನೋಡಿದರೆ, ಆ ವಯಸ್ಸಿನಲ್ಲಿ ಬೆಳಿಗ್ಗೆ ಕುಂಕುಮ ಇಡುವಾಗ ಕನ್ನಡಿಯಲ್ಲಿ ಕಾಣುತ್ತಿದ್ದವಳು ಇವಳೇ. ಮುಂದಿನದು ಅವರು ನೋಡಿದ ಲಕ್ಷ್ಮಿ, ಹಿಂದಿನದು ನಾನು ನೋಡಿದ ಲಕ್ಷ್ಮಿ ಅಂದರು. ಅಷ್ಟು ಹೇಳಿ ಭಾಯಿಯ ಸ್ಟೂಲಿನ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡರು. ಮುನೀಂದ್ರ ಹೊರಗೆ ಹೋಗಿ ಬೈಕಿನ ಕನ್ನಡಿಯನ್ನು ಸುಮ್ಮನೆ ಒರೆಸುತ್ತಾ ನಿಂತರು. ಒಳಗೆ ಬಂದಮೇಲೆ ಅವರೇ ಕೇಳಿದರು, ಎರಡೂ ಕಡೆ ಕಾಣುವ ಹಾಗೆ ಕಟ್ಟು ಹಾಕಲು ಆಗುತ್ತದೆಯೇ ಎಂದು.

ಆಗುತ್ತದೆ ಎಂದೆ. ಹೇಳುವ ಮೊದಲು ಯೋಚಿಸಲಿಲ್ಲ, ಅದು ನನಗೇ ಆಶ್ಚರ್ಯ. ಎಡೆ ಇಡುವ ದಿನ ಗಂಡ ನೋಡಿದ ಕಡೆ ಮುಂದಿರಲಿ, ಉಳಿದ ದಿನ ಆಯಮ್ಮ ತನಗೆ ಬೇಕಾದ ಕಡೆ ತಿರುಗಿಸಿಕೊಳ್ಳಲಿ. ಎರಡು ಗಾಜು, ನಡುವೆ ಚಿತ್ರ. ಅಂಟು ಎಲ್ಲೂ ಇಲ್ಲ. ಕಾಗದದಲ್ಲಿ ಮಡಚಿದ ಪುಟ್ಟ ಮುಕ್ಕೋನದ ಜೇಬುಗಳಲ್ಲಿ ನಾಲ್ಕು ಮೂಲೆ ಕೂರುತ್ತವೆ. ಆ ಜೇಬುಗಳನ್ನು ಸುತ್ತಲಿನ ರಟ್ಟಿನ ಪಟ್ಟಿಗೆ ಹೊಲಿದಿದ್ದೇನೆ. ಚಿತ್ರ ತಮಟೆಯ ಹಾಗೆ ಬಿಗಿಯಾಗಿ ಇರುವುದಿಲ್ಲ, ಸ್ವಲ್ಪ ಅಲೆ ಇರುತ್ತದೆ, ಯಾರೂ ಅದನ್ನು ಎಳೆದು ಮಟ್ಟ ಮಾಡಬಾರದು ಎಂದು ಮುನೀಂದ್ರರಿಗೆ ಗಟ್ಟಿಯಾಗಿಯೇ ಹೇಳಿದೆ. ಆಯ್ತು ಅಕ್ಕ ಅಂದರು.

ಕಟ್ಟಿನ ಮರ ಕೊಯ್ದು ಜೋಡಿಸಿ ಆಯಿತು. ಗಾಜು ತೊಳೆದು ಒಣಗಿಸಿ ಇಟ್ಟಿದ್ದೇನೆ. ಆದರೆ ಮುಚ್ಚಿಲ್ಲ.

ಕಾಗದ ಗಾಜಿಗೆ ತಾಗಬಾರದು. ಮಳೆಗಾಲದಲ್ಲಿ ಅದು ಹಿಗ್ಗಿದಾಗಲೂ, ಆ ಉಬ್ಬಿದ ಮೂಲೆ ಇನ್ನಷ್ಟು ಎದ್ದಾಗಲೂ, ಎರಡೂ ಕಡೆ ಅದಕ್ಕೆ ಉಸಿರಾಡುವಷ್ಟು ಜಾಗ ಬೇಕು. ಆ ಜಾಗ ಬಿಡಲು ಗಾಜಿಗೂ ಚಿತ್ರಕ್ಕೂ ನಡುವೆ ಅಂಚಿನ ಸುತ್ತ ಇಡುವ ಪಟ್ಟಿಯ ಒಂದು ತುಂಡನ್ನು ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಸ್ಕೇಲಿನಲ್ಲಿ ಅಳೆದೆ, ಉಬ್ಬಿದ ಮೂಲೆಯ ಪಕ್ಕ ನಿಲ್ಲಿಸಿ ನೋಡಿದೆ, ಮುನೀಂದ್ರರ ಕೈಲೂ ನೋಡಿಸಿದೆ. ಸಾಕು ಅನ್ನಿಸುತ್ತದೆ. ಆದರೂ ಆಪಾ, ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ದಪ್ಪ ಹೇಳುವುದು ನಿಮಗೊಬ್ಬರಿಗೇ ಬರುವುದು. ಕಾರ್ಯಕ್ಕೆ ಇನ್ನೂ ದಿನ ಇದೆ, ನಿಮ್ಮ ಉತ್ತರ ಬಂದಮೇಲೆಯೇ ಗಾಜು ಮುಚ್ಚುತ್ತೇನೆ. ಈ ಪಟ್ಟಿಯ ದಪ್ಪ ಸಾಕೇ, ಒಂದು ಸಲ ಹಿಡಿದು ನೋಡಿ. ಇಟ್ಟು, ಸ್ವಲ್ಪ ಹೊತ್ತು ಬಿಟ್ಟು, ಇನ್ನೊಂದು ಸಲ ಹಿಡಿದು ನೋಡಿ.

ಸುಕನ್ಯ